ಜಲಕ್ರೀಡೆಯ ಕೊಳ ಮತ್ತು ಅದರ ಗೋಡೆ

ನಮ್ಮ ಪ್ರಾಚೀನ ಕವಿಗಳು ಮಹಾಕಾವ್ಯಕ್ಕೆ ಅವಶ್ಯವೆಂದು ಬಗೆದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಕಾಲೇಜಿನ ಮೇಷ್ಟರಾಗಿ ಮೂವತ್ತು ವರ್ಷಗಳ ಕಾಲ ನಾನು ಆ ವರ್ಣನೆಗಳನ್ನು ಪಾಠ ಹೇಳಿದೆ. ರಾಜನು ಪರಿವಾರದೊಡನೆ ಕೊಳಕ್ಕಿಳಿಯುತ್ತಾನೆ, ತಾವರೆಗಳು ನಾಚುತ್ತವೆ, ಹಂಸಗಳು ಬೆದರಿ ದಡ ಸೇರುತ್ತವೆ, ಕುಂಕುಮ ಕದಡಿ ನೀರು ಕೆಂಪಾಗುತ್ತದೆ. ಅಲಂಕಾರವೇನು, ಛಂದಸ್ಸೇನು ಎಂದು ವಿದ್ಯಾರ್ಥಿಗಳನ್ನು ಕೇಳಿದೆನೇ ಹೊರತು, ಇಷ್ಟೆಲ್ಲ ಕೋಲಾಹಲವನ್ನು ತಾಳಿಕೊಂಡು ನಿಂತ ಆ ಕೊಳದ ಗೋಡೆಯನ್ನು ಯಾರು ಕಟ್ಟಿದರು, ಅದು ಹೇಗೆ ನಿಂತಿತು ಎಂದು ಒಂದು ದಿನವೂ ಕೇಳಲಿಲ್ಲ. ಕವಿಗೆ ಆ ಚಿಂತೆ ಇರಲಿಲ್ಲ, ನನಗೂ ಇರಲಿಲ್ಲ. ಆ ಪ್ರಶ್ನೆಯನ್ನು ನನ್ನ ತಲೆಯೊಳಗೆ ತಂದಿಟ್ಟದ್ದು ಯಾದಗಿರಿ ಜಿಲ್ಲೆಯ ಕಡೇಚೂರು.

ಕಡೇಚೂರು ಕೃಷ್ಣೆ ಭೀಮೆಯರು ಕೂಡುವ ಕಡೆಯಿಂದ ಬಹಳ ದೂರದ ಊರಲ್ಲ. ತೊಗರಿ, ಹತ್ತಿ, ಜೋಳದ ಸೀಮೆ. ಈಗ ಅಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. ರೈಲ್ವೆಯ ಬೋಗಿ ಕಾರ್ಖಾನೆಯೂ ಬಂದಿದೆ. ಆ ಸೀಮೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕನ್ನಡ ಐಚ್ಛಿಕ ಓದಿ ಲಾರಿಗಳ ವ್ಯವಹಾರದಲ್ಲಿ ನಾಲ್ಕು ಕಾಸು ಕಂಡವನು, ತಂದೆಯ ಕಾಲದ ಹೊಲದಲ್ಲಿ ಮನೆ ಕಟ್ಟಿಸಿದ. ಮನೆಯ ಹಿಂದೆ ಈಜುಕೊಳ. ಬೇಸಗೆಯಲ್ಲಿ ನಲವತ್ತು ಡಿಗ್ರಿಯ ಆಚೆ ಕಾಯುವ ನೆಲದಲ್ಲಿ ಮೊಮ್ಮಕ್ಕಳು ನೀರಾಡಲೆಂಬ ಆಸೆಯನ್ನು ಆಡಂಬರವೆಂದು ನಾನು ಕರೆಯಲಾರೆ. ಆತ ಫೋನಿನಲ್ಲಿ ನನ್ನನ್ನು ಕೇಳಿದ್ದು ಇಷ್ಟೇ: “ಸರ್, ನಮ್ಮ ಕೊಳಕ್ಕ ಹಳಗನ್ನಡದ್ದೊಂದು ಚಂದ ಹೆಸರು ಕೊಡ್ರಿ. ಗೃಹಪ್ರವೇಶಕ್ಕ ನೀವs ಬಂದು ಹೇಳಬೇಕು.”

ಹೆಸರುಗಳ ಪಟ್ಟಿ ಬರೆದುಕೊಂಡು ನಾನು ಹೋಗುವ ಹೊತ್ತಿಗೆ ಕೊಳ ಇದ್ದಲ್ಲಿ ಇರಲಿಲ್ಲ. ಆ ವರ್ಷ ಭಾದ್ರಪದದಲ್ಲಿ ಮಳೆ ಹಿಡಿದು ಹೊಡೆದಿತ್ತು. ಗೃಹಪ್ರವೇಶಕ್ಕೆ ಮುಂಚೆ ಹೆಂಚು ತೊಳೆಯಲೆಂದು ಕೊಳದ ನೀರನ್ನೆಲ್ಲ ಪಂಪಿನಿಂದ ಹೊರಹಾಕಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಕೊಳದ ಒಂದು ತುದಿ ನೆಲದಿಂದ ಒಂದು ಗೇಣಿನಷ್ಟು ಮೇಲೆದ್ದು ನಿಂತಿದೆ! ಕೊಳವೆಗಳು ಕಿತ್ತಿವೆ, ಹೆಂಚು ಬಿರಿದಿವೆ, ಸುತ್ತಲಿನ ಫರಸಿ ಓರೆಯಾಗಿದೆ. ಊರಿನವರು ಬಂದು ನೋಡಿ, ಕೆಳಗೆ ಏನೋ ಇರಬೇಕೆಂದು ಪಿಸುಗುಟ್ಟಿದರು. ಕೆಳಗೆ ಇದ್ದದ್ದು ನೀರು.

ಇದನ್ನು ನನಗೆ ತಿಳಿಯ ಹೇಳಿದವರು ಇಬ್ಬರು. ಒಬ್ಬರು ಕಲಬುರಗಿಯಿಂದ ಬಂದ ತರುಣ ಇಂಜಿನಿಯರು; ಇನ್ನೊಬ್ಬನು ಅದೇ ಊರಿನ ಮುದಿ ಗೌಂಡಿ. ಇಂಜಿನಿಯರು ಅರ್ಧ ಗಂಟೆ ತೆಗೆದುಕೊಂಡರು. ಗೌಂಡಿ ಒಂದೇ ಮಾತು ಕೇಳಿದ: “ಖಾಲಿ ಕೊಡ ಬಾವ್ಯಾಗ ಮುಳುಗತದೇನ್ರಿ?”

ಈ ಒಂದು ಮಾತಿನ ಬೆಳಕಿನಲ್ಲಿ ನಾನು ನಮ್ಮ ಹಳೆಯ ಕೊಳ, ಪುಷ್ಕರಣಿ, ಬಾವಿಗಳನ್ನು ಮತ್ತೆ ನೋಡುತ್ತ ಹೋದೆ. ನಾನು ಇಂಜಿನಿಯರಲ್ಲ, ಕೇಳಿ ಕಲಿತದ್ದನ್ನು, ನೋಡಿ ಕಂಡದ್ದನ್ನು ಹೇಳುತ್ತೇನೆ.

ಕೊಳದ ಗೋಡೆಗೆ ಎರಡು ಕಡೆಯಿಂದಲೂ ನೂಕು ಉಂಟು. ಒಳಗಿನ ನೀರು ಹೊರಕ್ಕೆ ನೂಕುತ್ತದೆ. ಹೊರಗಿನ ಮಣ್ಣು ಒಳಕ್ಕೆ ನೂಕುತ್ತದೆ. ಒಂದು ಘನ ಮೀಟರು ನೀರಿನ ತೂಕ ಒಂದು ಟನ್ನು. ಒಂದೂವರೆ ಮೀಟರು ಆಳದ ಕೊಳದಲ್ಲಿ ಗೋಡೆಯ ಒಂದೊಂದು ಮೀಟರು ಉದ್ದದ ಮೇಲೂ ಒಂದು ಟನ್ನಿಗಿಂತ ಮಿಗಿಲಾದ ಬಲ ಬೀಳುತ್ತದೆ. ಇಲ್ಲೊಂದು ಸೋಜಿಗ. ನೀರಿನ ಒತ್ತಡ ಆಳವನ್ನು ನೋಡುತ್ತದೆಯೇ ಹೊರತು ಹರಹನ್ನು ನೋಡುವುದಿಲ್ಲ. ನೂರು ಎಕರೆಯ ಕೆರೆಯಾದರೂ ಮನೆಯ ಹಿತ್ತಿಲ ಹೌದವಾದರೂ ಆಳ ಒಂದೇ ಆದರೆ ಗೋಡೆಯ ಗೇಣಿನ ಮೇಲೆ ಬೀಳುವ ಭಾರ ಒಂದೇ. ಸೈಮನ್ ಸ್ಟೆವಿನ್ ಎಂಬ ಪಂಡಿತ 1586ರಲ್ಲಿ ಡಚ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ನೀರಿನ ಭಾರದ ಈ ಗುಟ್ಟನ್ನು ಬಿಡಿಸಿಟ್ಟ. ಮಣ್ಣಿನ ನೂಕನ್ನು ಲೆಕ್ಕಕ್ಕೆ ತಂದವನು ಕುಲಂಬ್ ಎಂಬ ಫ್ರೆಂಚ್ ಸೇನಾ ಇಂಜಿನಿಯರು. ಅವನು ತನ್ನ ಪ್ರಬಂಧವನ್ನು ಪ್ಯಾರಿಸಿನ ಅಕಾಡೆಮಿಯ ಮುಂದೆ ಓದಿದ್ದು 1773ರಲ್ಲಿ. ನಮ್ಮವರು ಕಲ್ಯಾಣಿಗಳನ್ನು ಕಟ್ಟಿದ್ದು ಈ ಲೆಕ್ಕಗಳು ಹುಟ್ಟುವ ಎಷ್ಟೋ ಶತಮಾನ ಮೊದಲು. ಹಾಗಾದರೆ ಅವರು ಏನನ್ನು ನೆಚ್ಚಿ ಕಟ್ಟಿದರು?

ನಮ್ಮ ದೇಶದ ಈಜುಕೊಳಗಳಲ್ಲಿ ಅತ್ಯಂತ ಹಳೆಯದೆನ್ನಬಹುದಾದದ್ದು ಮೊಹೆಂಜೊದಾರೊದ ಮಹಾಸ್ನಾನಗೃಹ. ಈಗ ಅದು ಪಾಕಿಸ್ತಾನದ ನೆಲದಲ್ಲಿದೆ. ಸುಮಾರು 12 ಮೀಟರು ಉದ್ದ, 7 ಮೀಟರು ಅಗಲ, 2.4 ಮೀಟರು ಆಳ. ಎರಡು ತುದಿಗಳಲ್ಲಿ ಇಳಿಯಲು ಮೆಟ್ಟಿಲು. 1925–26ರ ಉತ್ಖನನದಲ್ಲಿ ಅದು ಬೆಳಕಿಗೆ ಬಂದಾಗ ಲೋಕ ಬೆರಗಾದದ್ದು ಅದರ ಅಂದಕ್ಕಲ್ಲ, ಗೋಡೆಯ ಹೊಟ್ಟೆಯೊಳಗೆ ಅಡಗಿದ್ದ ಬುದ್ಧಿಗೆ. ಸುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜಿಪ್ಸಮ್ ಗಾರೆಯಲ್ಲಿ ಒತ್ತಾಗಿ ಕೂಡಿಸಿದ್ದಾರೆ. ಅದರ ಹಿಂದೆ ಡಾಂಬರಿನಂಥ ಶಿಲಾರಾಳದ ಒಂದು ಲೇಪ. ಅದರ ಹಿಂದೆ ಮತ್ತೊಂದು ಇಟ್ಟಿಗೆ ಗೋಡೆ. ನೀರು ತಡೆಯುವ ಕೆಲಸ ಲೇಪದ್ದು, ಭಾರ ಹೊರುವ ಕೆಲಸ ಗೋಡೆಯದು. ಹೀಗೆ ಎರಡು ಕೆಲಸಗಳನ್ನು ಎರಡು ಕೈಗಳಿಗೆ ಹಂಚಿದ ಉಪಾಯ ಇಂದಿನ ಇಂಜಿನಿಯರನಿಗೂ ಒಪ್ಪಿಗೆ. ಆದರೆ ಇಂಥ ಕೊಳ ಹೇರಳ ದುಡಿಮೆಯನ್ನು ಬೇಡುತ್ತದೆ. ನಮ್ಮ ಕಡೆ ಬೆಳೆದ ಪದ್ಧತಿ ಬೇರೆ.

ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯನ್ನು ನೀವು ನೋಡಿರಬಹುದು. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಮೇಲಿನಿಂದ ಕೆಳಗೆ ಮೆಟ್ಟಿಲ ಮೇಲೆ ಮೆಟ್ಟಿಲು. ನಡುನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗೂಡುಗಳು. ನಾವು ಅದನ್ನು ಶಿಲ್ಪವೆಂದು ಮೆಚ್ಚುತ್ತೇವೆ, ಮೆಚ್ಚಬೇಕಾದದ್ದೇ. ಆದರೆ ಮೆಟ್ಟಿಲೆಂದರೆ ಏನು? ಎತ್ತರದ ಒಂದು ಗೋಡೆಯನ್ನು ಮೊಳದೆತ್ತರದ ಹಲವು ಗೋಡೆಗಳಾಗಿ ಒಡೆದದ್ದು. ಮಣ್ಣಿನ ನೂಕು ಎತ್ತರದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಗೋಡೆಯ ಎತ್ತರ ಇಮ್ಮಡಿಯಾದರೆ ನೂಕು ನಾಲ್ಮಡಿ. ಎತ್ತರವನ್ನು ತುಂಡುಮಾಡಿ ಒಂದೊಂದನ್ನೂ ಹಿಂದಕ್ಕೆ ಸರಿಸಿ ಕಟ್ಟಿದರೆ ಯಾವ ಕಲ್ಲಿನ ಮೇಲೂ ತಾಳಲಾಗದ ಭಾರ ಬೀಳುವುದಿಲ್ಲ. ಇಡೀ ಕೊಳ ಬೋಗುಣಿಯ ಹಾಗೆ ಇಳಿಜಾರಾಗಿ ನೆಲಕ್ಕೆ ಒರಗಿಕೊಂಡು ಕೂರುತ್ತದೆ. ಅದು ನಿಲ್ಲುವುದಕ್ಕೆ ತನ್ನ ಬಲವನ್ನೇ ನೆಚ್ಚಬೇಕಾಗಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ನಮ್ಮ ಕಡೆಯ ಹಳೆಯ ಬಾವಿಗಳಲ್ಲಿ ಎಷ್ಟೋ ಕಡೆ ಕಲ್ಲುಗಳ ನಡುವೆ ಗಾರೆಯಿಲ್ಲ. ಕಲ್ಲನ್ನು ಕಲ್ಲಿಗೆ ಕೂಡಿಸಿ ಇಟ್ಟಿದ್ದಾರೆ, ಅಷ್ಟೇ. ಮಳೆಗಾಲದಲ್ಲಿ ನೆಲದ ನೀರು ಸಂದುಗಳಿಂದ ಒಳಗೆ ಬರುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಒಳಗೂ ಹೊರಗೂ ನೀರಿನ ಮಟ್ಟ ಹೆಚ್ಚುಕಡಮೆ ಒಂದೇ ಆದ್ದರಿಂದ ಗೋಡೆಯ ಮೇಲೆ ನೀರಿನ ನೂಕು ತನಗೆ ತಾನೇ ಕಳೆದುಹೋಗುತ್ತದೆ. ಇದನ್ನು ಸೋರಿಕೆ ಎನ್ನುವುದು ತಪ್ಪು. ಇದು ನೆಲದೊಡನೆ ಮಾಡಿಕೊಂಡ ಒಪ್ಪಂದ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳದ ವಿಷಯ ಬರುತ್ತದೆ. ಮೇಲಿನ ಹುತ್ತ, ಮರಗಳನ್ನು ನೋಡಿ ಕೆಳಗಿನ ನೀರನ್ನು ಊಹಿಸುವ ವಿದ್ಯೆ. ಅದನ್ನು ಪಾಠ ಹೇಳುವಾಗ ಒಳಗೊಳಗೆ ನಗುತ್ತಿದ್ದವನು ನಾನು. ಇಂದು ಅಷ್ಟು ನಗು ಬರುವುದಿಲ್ಲ. ಅಗೆಯುವ ಮೊದಲು ಕೆಳಗೆ ಏನಿದೆಯೆಂದು ಕೇಳುವ ಅಭ್ಯಾಸವಾದರೂ ಅವರಿಗಿತ್ತು.

ಹಾಗಾದರೆ ಅರಮನೆಯ ಕೊಳ? ಮನೆಯೊಳಗಿನ ಕೊಳವೆಂದೊಡನೆ ಮಯನ ಸಭೆಯೂ, ನೆಲವೆಂದು ಬಗೆದು ನೀರಿಗೆ ಬಿದ್ದ ದುರ್ಯೋಧನನೂ ನೆನಪಾಗುತ್ತಾರೆ. ಅದು ಕಾವ್ಯ. ಚರಿತ್ರೆಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ರಾಜನ ವಿನೋದಗಳಲ್ಲಿ ನೀರಾಟಕ್ಕೂ ಸ್ಥಾನ ಕೊಟ್ಟಿದೆ. ಕಲ್ಯಾಣದ ಆ ಕೊಳಗಳನ್ನು ಇಂದು ಕಣ್ಣಿಂದ ಕಾಣಬೇಕೆಂದರೆ ಕಷ್ಟ. ಕಾಣಬಹುದಾದದ್ದು ಹಂಪೆಯಲ್ಲಿ. ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡದ ನಡುವೆ ಸುಮಾರು 15 ಮೀಟರು ಚೌಕದ ಕೊಳವಿದೆ. ಆಳ ಸುಮಾರು 1.8 ಮೀಟರು. ಇಂದಿನ ಮನೆಗಳ ಈಜುಕೊಳದ ಆಳವೂ ಸುಮಾರಾಗಿ ಅಷ್ಟೇ. ಸುತ್ತ ಕಮಾನಿನ ಪಡಸಾಲೆ, ನೀರಿನ ಮೇಲೆ ಚಾಚಿದ ಮೊಗಸಾಲೆಗಳು, ಹೊರಗೆ ಒಂದು ಕಂದಕ. ಇಟ್ಟಿಗೆ, ಕಲ್ಲು, ಗಚ್ಚು. ಇಲ್ಲಿ ಮೆಟ್ಟಿಲ ಬೋಗುಣಿಯಿಲ್ಲ; ನೇರವಾದ ಗೋಡೆ. ಅದು ನಿಂತಿರುವುದು ಏಕೆ? ಗೋಡೆಯ ಹಿಂದೆ ಕಟ್ಟಡದ ಭಾರವೇ ಕೂತಿದೆ. ಕಂದಕವನ್ನು ನೀರಿಗಾಗಿಯೇ ತೋಡಿರಬಹುದು. ಆದರೆ ಸುತ್ತಲಿನ ನೆಲದ ನೀರು ಗೋಡೆಯನ್ನು ಮುಟ್ಟುವ ಮೊದಲು ಅದರೊಳಕ್ಕೆ ಇಳಿದಿರಬೇಕೆಂದು ನನ್ನ ಊಹೆ.

ಹಂಪೆಯ ಮಹಾನವಮಿ ದಿಬ್ಬದ ಬಳಿ, 1980ರ ದಶಕದ ಅಗೆತದಲ್ಲಿ, ಮೆಟ್ಟಿಲು ಕೊಳವೊಂದು ಮಣ್ಣಿನಿಂದೆದ್ದು ಬಂತು. ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ, ಕಣ್ಣುಮುಚ್ಚಿ ಊಹಿಸಿಕೊಳ್ಳಿ. ಸುತ್ತಲೂ ಹಂಪೆಯ ಒರಟು ಕಣಶಿಲೆ. ಅದರ ನಡುವೆ ಕರಿಹಸುರು ಛಾಯೆಯ ನುಣ್ಣನೆಯ ಕಲ್ಲಿನ ಕೊಳ, ಐದು ಅಂತಸ್ತು. ಒಂದೊಂದು ಕಲ್ಲಿನ ಮೇಲೂ ಗುರುತು: ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಕಲ್ಲು ಎಂದು. ಬೇರೆಲ್ಲೋ ಕಡೆದು ಸಿದ್ಧಪಡಿಸಿದ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದರೆಂದು ಅದರಿಂದ ತಿಳಿಯುತ್ತದೆ. ಆ ಅಕ್ಷರ, ಅಂಕಿಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಶಾಸನಗಳಲ್ಲಿ ರಾಜರ ಬಿರುದುಗಳನ್ನು ಓದಿ ಅಭ್ಯಾಸವಾದವನಿಗೆ, ಕಲ್ಲುಕುಟಿಗನೊಬ್ಬ ಇನ್ನೊಬ್ಬ ಕಲ್ಲುಕುಟಿಗನಿಗಾಗಿ ಬರೆದ ಬರಹ ಸಿಕ್ಕುವುದು ಅಪರೂಪ.

ವಿಜಯಪುರದ ಸುಲ್ತಾನರೂ ನೀರಿನ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. 1579ರ ಚಾಂದ್ ಬಾವಡಿ, 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿ ಎಲ್ಲರೂ ಬಲ್ಲವೇ. ವಿಜಯಪುರದಿಂದ ಸಿಂದಗಿಯ ದಾರಿಯಲ್ಲಿರುವ ಕುಮಟಗಿಯಲ್ಲಿ ಆದಿಲಶಾಹಿಗಳ ವಿಹಾರಮಂಟಪಗಳಿವೆ. ಅಲ್ಲಿ ನೀರನ್ನು ಗೋಪುರಕ್ಕೇರಿಸಿ, ಕೊಳವೆಗಳಲ್ಲಿ ಇಳಿಸಿ, ಮಂಟಪದಲ್ಲಿ ಮೇಲಿನಿಂದ ಮಳೆಯಂತೆ ಸುರಿಸುತ್ತಿದ್ದರು. ಬೇಸಗೆಯಲ್ಲಿ ತಂಪು ಬೇಕೆಂಬ ನನ್ನ ವಿದ್ಯಾರ್ಥಿಯ ಆಸೆಗೆ ಇಷ್ಟು ಹಳೆಯ ವಂಶವುಂಟು. ಸುರಪುರದ ಬೋನಾಳ ಕೆರೆಯನ್ನು ನಾಯಕ ಅರಸರ ಕಾಲದಿಂದ ಬಂದದ್ದೆಂದು, ಮೆಡೋಸ್ ಟೇಲರ್ ಸುಧಾರಿಸಿದ್ದೆಂದು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಆದರೆ ಕೆರೆಯ ಏರಿಯ ಕತೆಯೇ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಇವೆಲ್ಲ ಕಟ್ಟಡಗಳಿಗೂ ಸಮಾನವಾದ ಗುಣ ಭಾರ. ದಪ್ಪ ಗೋಡೆ, ಕಲ್ಲಿನ ತೂಕ. ಈ ಭಾರವನ್ನು ಕೊಳ ಕಳೆದುಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಜೋಸೆಫ್ ಮೋನಿಯೆ ಒಬ್ಬ ತೋಟಗಾರ. ಅವನ ಸಿಮೆಂಟಿನ ಹೂದೊಟ್ಟಿಗಳು ಒಡೆಯುತ್ತಿದ್ದವು. ಒಳಗೆ ಕಬ್ಬಿಣದ ತಂತಿಬಲೆ ಇಟ್ಟು ನೋಡಿದ; ನಿಂತವು. 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಇಂದು ನಾವು ಆರ್‌ಸಿಸಿ ಎಂದು ಕರೆಯುವ ವಸ್ತುವಿನ ಆರಂಭದ ಅಧ್ಯಾಯಗಳಲ್ಲಿ ಇದೊಂದು. ಆ ವಿದ್ಯೆ ಬೆಳೆದದ್ದು ಗಿಡದ ಕುಂಡ, ನೀರಿನ ತೊಟ್ಟಿಗಳಿಂದ ಎಂಬುದು ಎಷ್ಟು ಮಂದಿಗೆ ಗೊತ್ತು? ಮುಂದೆ ಅಮೆರಿಕದ ಕಾರ್ಲ್ ಏಕ್ಲಿ, ಸತ್ತ ಪ್ರಾಣಿಗಳ ಚರ್ಮಕ್ಕೆ ಒಡಲು ತುಂಬಿ ವಸ್ತುಸಂಗ್ರಹಾಲಯಕ್ಕೆ ಸಿದ್ಧಪಡಿಸುವ ಕಲಾವಿದ, ಸಿಮೆಂಟನ್ನು ಗಾಳಿಯ ಒತ್ತಡದಿಂದ ಎರಚುವ ಯಂತ್ರಕ್ಕೆ 1911ರಲ್ಲಿ ಹಕ್ಕು ಪಡೆದ. ಆ ಬಗೆಯ ಎರಚುಕಾಂಕ್ರೀಟಿನಿಂದ ಇಂದು ಲೋಕದಲ್ಲೆಲ್ಲ ಮನೆಮನೆಯ ಈಜುಕೊಳ ಎದ್ದಿದೆ. ಅರಸನಿಗೆ ಮಾತ್ರ ಸಲ್ಲುತ್ತಿದ್ದ ಸುಖ ಲಾರಿ ಮಾಲೀಕನಿಗೂ ಎಟುಕಿದ್ದು ಈ ತೋಟಗಾರನಿಂದ, ಈ ಚರ್ಮಶಿಲ್ಪಿಯಿಂದ. ಗೇಣು ದಪ್ಪವೂ ಇಲ್ಲದ ಗೋಡೆ ಈಗ ನೀರನ್ನು ಹಿಡಿಯುತ್ತದೆ.

ಇಲ್ಲಿಯೇ ಕಡೇಚೂರಿನ ಇಂಜಿನಿಯರು ತಮ್ಮ ಟಿಪ್ಪಣಿ ಪುಸ್ತಕ ತೆರೆದದ್ದು. ಕೊಳದ ಒಳ ಅಳತೆ ಎಂಟು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಒಂದೂವರೆ ಮೀಟರು ಆಳ. ಗೋಡೆ, ತಳ ಎರಡೂ ಹದಿನೈದು ಸೆಂಟಿಮೀಟರು ದಪ್ಪ. ಇಡೀ ಕಾಂಕ್ರೀಟಿನ ತೂಕ ಸುಮಾರು 27 ಟನ್ನು. ತುಂಬಿದಾಗ ಒಳಗಿನ ನೀರಿನ ತೂಕ 48 ಟನ್ನು; ಆಗ ಭಯವಿಲ್ಲ. ಮಳೆಗೆ ನೆನೆದ ನೆಲದಲ್ಲಿ ಹೊರಗಿನ ನೀರು ತಳದಿಂದ ಒಂದು ಮೀಟರು ಎತ್ತರ ನಿಂತಿತೆನ್ನಿ. ಅದು ಕೊಳವನ್ನು ಮೇಲೆತ್ತುವ ಬಲ ಸುಮಾರು 35 ಟನ್ನು. ಒಳಗಿನ 48 ಟನ್ನನ್ನು ಪಂಪಿನಿಂದ ನಾವೇ ತೆಗೆದುಹಾಕಿದೆವು. 27 ಟನ್ನಿನ ವಸ್ತುವನ್ನು 35 ಟನ್ನು ಎತ್ತದೆ ಬಿಡುತ್ತದೆಯೆ? “ನಾವು ಕಟ್ಟಿದ್ದು ಕೊಳವಲ್ಲ ಸರ್, ನೆಲದೊಳಗೆ ಹೂತ ದೋಣಿ” ಎಂದರು ಅವರು.

ಹೊರಗೆ ಅಷ್ಟು ನೀರು ಎಲ್ಲಿಂದ ಬಂತೆಂದು ಕೇಳಿದೆ. ಆ ಹೊಲದಲ್ಲಿ ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ಕೊಳಕ್ಕೆಂದು ಅಗಲವಾಗಿ ತೋಡಿದ ಗುಂಡಿಯಲ್ಲಿ ಕಾಂಕ್ರೀಟು ಹಾಕಿ, ಸುತ್ತ ಉಳಿದ ಸಂದಿಗೆ ಸಡಿಲ ಮಣ್ಣು ಸುರಿದಿದ್ದರು. ಮಳೆಯ ನೀರು ಆ ಸಡಿಲಿನಲ್ಲಿ ಇಳಿಯಿತು, ಕೆಳಗೆ ಬಂಡೆ, ಪಕ್ಕದಲ್ಲಿ ಎರೆ, ಹೋಗಲು ದಾರಿಯಿಲ್ಲ. ಗುಂಡಿಯೇ ಒಂದು ಬೋಗುಣಿಯಾಗಿ ಅದರೊಳಗೆ ಕೊಳ ತೇಲಿತು.

ಎರೆ ಮಣ್ಣಿನ ಕಾಟ ಇಷ್ಟಕ್ಕೇ ಮುಗಿಯುವುದಿಲ್ಲ. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ, ಮಳೆಯಲ್ಲಿ ಉಬ್ಬುವ ಆ ಮಣ್ಣಿನ ಗುಣ ನಮ್ಮ ರೈತನಿಗೆ ಹೊಸದಲ್ಲ. ಅದು ಉಬ್ಬಿದಾಗ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ತಳವನ್ನು ಮೇಲಕ್ಕೆ ಒತ್ತುತ್ತದೆ. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಇದೇ ಮಣ್ಣು ಇಂಜಿನಿಯರರನ್ನು ಕಾಡಿತು. ಮುಂಬಯಿಯ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ ಉಪಾಯ ಸರಳವಾಗಿತ್ತು: ಉಬ್ಬುವ ಮಣ್ಣಿಗೂ ಕಟ್ಟಡಕ್ಕೂ ನಡುವೆ, ಅಂಟಿಕೊಳ್ಳುವ ಆದರೆ ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪ ಹಾಕಿ ದಮ್ಮಸು ಮಾಡುವುದು. ಅಂಥ ಮಣ್ಣು ದೂರದಿಂದ ಬರಬೇಕಾಗಿಲ್ಲ. ಒಳ್ಳೆಯ ಗರಸು ಸಾಕು.

ಉಳಿದ ಎಚ್ಚರಗಳನ್ನೂ ಇಂಜಿನಿಯರು ಹೇಳಿದರು. ನನಗೆ ನಿಲುಕಿದಷ್ಟನ್ನು ಹೇಳುತ್ತೇನೆ. ಗೋಡೆ ಕೊಳ ತುಂಬಿದಾಗ ಹೊರಕ್ಕೆ ಬಾಗಲು ನೋಡುತ್ತದೆ, ಬರಿದಾದಾಗ ಒಳಕ್ಕೆ. ಆದ್ದರಿಂದ ಸರಳು ಎರಡು ಮುಖಗಳಲ್ಲಿಯೂ ಬೇಕು. ಒಂದೇ ಮುಖದಲ್ಲಿ ಸರಳಿಟ್ಟು ಉಳಿಸಿದ ದುಡ್ಡು ಮೂಲೆಗಳ ಬಿರುಕಿನಲ್ಲಿ ಹೋಗುತ್ತದೆ. ನೀರು ಹಿಡಿಯುವ ಕಾಂಕ್ರೀಟಿಗೆ ನಮ್ಮ ದೇಶದಲ್ಲಿ 1965ರಿಂದ 3370 ಎಂಬ ಸಂಖ್ಯೆಯ ಭಾರತೀಯ ಮಾನಕವುಂಟು. 2009ರಲ್ಲಿ ಅದನ್ನು ಪರಿಷ್ಕರಿಸಿದರು. ಬಿರುಕು ಇರಲೇಬಾರದೆಂದು ಅದು ಹೇಳುವುದಿಲ್ಲ, ಅಗಲ 0.2 ಮಿಲಿಮೀಟರು ಮೀರದಿರಲಿ ಎನ್ನುತ್ತದೆ. ಮನುಷ್ಯರ ಕೆಲಸಕ್ಕೆ ಇಷ್ಟು ಉದಾರವಾದ ಶಾಸ್ತ್ರವನ್ನು ನಾನು ಅಲಂಕಾರಗ್ರಂಥಗಳಲ್ಲಿ ಕಂಡಿಲ್ಲ.

ಇನ್ನು ಆ ಹೊಲದ ಹಳೆಯ ಬಾವಿಯ ಮಾತು. ಕೊಳದಿಂದ ಇಪ್ಪತ್ತು ಹೆಜ್ಜೆಯಲ್ಲಿ ನನ್ನ ವಿದ್ಯಾರ್ಥಿಯ ಅಜ್ಜ ಕಟ್ಟಿಸಿದ ಮೆಟ್ಟಿಲು ಬಾವಿಯಿತ್ತು. ಗಾರೆಯಿಲ್ಲದ ಕರಿಕಲ್ಲು. ಕೊಳದ ಗುಂಡಿಯಿಂದ ಎತ್ತಿದ ಮಣ್ಣನ್ನು ಅದರೊಳಗೆ ಸುರಿದು ಮುಚ್ಚಿಬಿಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಮಕ್ಕಳು ಬಿದ್ದಾರೆಂಬ ಭಯ, ಹಿತ್ತಿಲು ಸಮವಾಗಲೆಂಬ ಆಸೆ. ಅಡ್ಡ ಬಂದವರು ಆತನ ತಾಯಿ. ಎಂಬತ್ತು ದಾಟಿದ ಆ ಮುತ್ತವ್ವ, “ಬಾವಿ ಮುಚ್ಚಬಾರದೋ ಯಪ್ಪಾ, ಮನಿತನಕ್ಕ ಛಲೋ ಅಲ್ಲ” ಎಂದು ಎರಡು ತಿಂಗಳಿಂದ ಪಟ್ಟುಹಿಡಿದಿದ್ದರು. ಮಣ್ಣಿನ ರಾಶಿ ಬಾವಿಯ ದಡದಲ್ಲಿ ಹಾಗೆಯೇ ಬಿದ್ದಿತ್ತು. ಮಗ ಅದನ್ನು ಮೂಢನಂಬಿಕೆ ಎನ್ನುತ್ತಿದ್ದ. ನನ್ನನ್ನು ಕೇಳಿದ್ದರೆ, ಒಂದು ದಿನದ ಹಿಂದೆಯಾಗಿದ್ದರೆ, ನಾನೂ ಮಗನ ಪಕ್ಷವನ್ನೇ ಹಿಡಿಯುತ್ತಿದ್ದೆ.

ಇಂಜಿನಿಯರು ನಮ್ಮನ್ನು ಆ ಬಾವಿಯ ಬಳಿಗೆ ಕರೆದೊಯ್ದರು. ನೀರು ಮೇಲಿನಿಂದ ನಾಲ್ಕನೆಯ ಮೆಟ್ಟಿಲನ್ನು ಮುಟ್ಟುತ್ತಿತ್ತು. ಕೊಳ ಬರಿದು ಮಾಡುವ ಮುನ್ನ ಯಾರಾದರೂ ಇಲ್ಲಿ ಬಂದು ಬಗ್ಗಿ ನೋಡಿದ್ದರೆ, ನೆಲದೊಳಗೆ ನೀರು ಎಲ್ಲಿ ನಿಂತಿದೆಯೆಂದು ತಿಳಿದುಬಿಡುತ್ತಿತ್ತು. ಬಾವಿ ಒಂದು ವಾರದಿಂದ ಅದನ್ನೇ ತೋರಿಸುತ್ತ ಕುಳಿತಿತ್ತು, ನೋಡುವವರಿರಲಿಲ್ಲ. ಯಂತ್ರಗಳುಳ್ಳ ದೊಡ್ಡ ಊರುಗಳಲ್ಲಿ ಈಜುಕೊಳದ ಪಕ್ಕ ಇದೇ ಕೆಲಸಕ್ಕೆಂದು ಒಂದು ಕೊಳವೆಯನ್ನು ಹೂಳುತ್ತಾರಂತೆ. ತಳದಲ್ಲಿ ಒತ್ತಡ ಮೀರಿದರೆ ತಾನೇ ತೆರೆದು ಹೊರಗಿನ ನೀರನ್ನು ಒಳಗೆ ಬಿಟ್ಟುಕೊಳ್ಳುವ ಕವಾಟವನ್ನೂ ಇಡುತ್ತಾರಂತೆ. ಅಜ್ಜನ ಬಾವಿ ಎರಡನ್ನೂ ಬಲ್ಲುದಾಗಿತ್ತು.

ಆ ಕೊಳವನ್ನು ಒಡೆದು ತೆಗೆಯಬೇಕಾಯಿತು. ಗೃಹಪ್ರವೇಶಕ್ಕೆಂದು ಎತ್ತಿಟ್ಟ ಹಣದ ಜೊತೆಗೆ ಒಂದು ಲಾರಿಯೂ ಹೋಯಿತು. ಮುಂದಿನ ಬೇಸಗೆಯಲ್ಲಿ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಜಲ್ಲಿಯ ಹಾಸು ಹಾಕಿ, ಆ ಜಲ್ಲಿಯಿಂದ ತೂತಿನ ಕೊಳವೆಯೊಂದನ್ನು ಬಾವಿಗೆ ಇಳಿಸಿದರು. ಬಾವಿಯ ಹೂಳೆತ್ತಿಸಿ ಸುತ್ತ ಕಟಾಂಜನ ಹಾಕಿಸಿದರು. ಬಾವಿಯಿಂದ ತೋಟಕ್ಕೆ ನೀರೆತ್ತಿದಂತೆಲ್ಲ ಕೊಳದ ಕೆಳಗಿನ ನೀರೂ ಇಳಿಯುತ್ತದೆ. ಎಂಟನೆಯ ಮೆಟ್ಟಿಲಿಗೆ ಕೆಂಪು ಬಣ್ಣದ ಗೆರೆಯೊಂದನ್ನು ಗೌಂಡಿಯೇ ಬಳಿದ. ಬಾವಿಯ ನೀರು ಆ ಗೆರೆಗಿಂತ ಕೆಳಗಿಳಿಯುವ ತನಕ ಕೊಳವನ್ನು ಬರಿದು ಮಾಡುವಂತಿಲ್ಲ.

ನಾನು ಬರೆದುಕೊಂಡು ಹೋಗಿದ್ದ ಹೆಸರುಗಳ ಪಟ್ಟಿ ಜೇಬಿನಲ್ಲಿಯೇ ಉಳಿಯಿತು. ಎರಡನೆಯ ಸಲ ಕರೆದಾಗ ಹೋಗಿದ್ದೆ. ಮೊಮ್ಮಕ್ಕಳು ನೀರಿನಲ್ಲಿದ್ದವು. ಮುತ್ತವ್ವ ಬಾವಿಯ ಕಟ್ಟೆಯ ಮೇಲೆ ಕುಳಿತು, “ಹೌದದಾಗ ಭಾಳ ಹೊತ್ತು ಇರಬ್ಯಾಡ್ರೋ, ನೆಗಡಿ ಬರತದ” ಎಂದು ಕೂಗುತ್ತಿದ್ದರು. ಹೌದ ಎಂಬುದು ಅರಬ್ಬಿಯಿಂದ ಬಂದು, ಸುಲ್ತಾನರ ಆಳ್ವಿಕೆಯ ಕಾಲದಿಂದ ನಮ್ಮ ಸೀಮೆಯ ಬಾಯಲ್ಲಿ ನೆಲೆಸಿದ ಮಾತು. ಮನೆಯವರೆಲ್ಲ ಅದನ್ನು ಹಾಗೆಯೇ ಕರೆಯುತ್ತಾರೆ.